ಸಾಲು ಬಿಡದ ಚಲುವಮ್ಮ

"ಚಲುವಕ್ಕನ್ನ ಸಂತೆಗೆ ಕಳಿಸಿದ್ರೆ ಹುಡುಕೋಕೆ ಇನ್ನೊಬ್ರನ್ನ ಕಳಿಸ್ಬೇಕು" ಎಂದು ನೆಲ್ಯಹುದಿಕೇರಿಯ ಕಾಫಿ ಎಸ್ಟೇಟಿನ ಲೈನು ಮನೆಗಳ ಕೂಲಿಯವರು ನಗುತ್ತಿದ್ದರು. ಕಾಫಿ ಕುಯ್ಯುವಾಗ ಮಾತ್ರ ಚಲುವಮ್ಮ ದಾರಿ ತಪ್ಪಿದವಳಲ್ಲ. ಕೆಲಸ ಹಂಚುವ ರೈಟರ್ ತೋರಿಸಿದ ಗಿಡಗಳ ಸಾಲು ಹಿಡಿದಳೆಂದರೆ, ಅದು ಮುಗಿಯುವ ತನಕ ಪಕ್ಕದ ಸಾಲಿಗೆ ಕಾಲಿಡುತ್ತಿರಲಿಲ್ಲ. ಮಗಳು ರಂಜಿತಾಳಿಗೂ ಅದನ್ನೇ ಕಲಿಸಿದ್ದಳು.

ರಂಜಿತಾಳನ್ನು ಹಾವೇರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕು. ಅಳಿಯನಿಗೆ ರಜೆ ಸಿಗದೆ, ಒಬ್ಬಳನ್ನೇ ರೈಲು ಹತ್ತಿಸಿದ. ಕೊಡಗಿನಲ್ಲಿ ರೈಲೆಲ್ಲಿದೆ? ಕರೆತರಲು ಚಲುವಮ್ಮ ಮೈಸೂರಿಗೇ ಹೋಗಬೇಕಾಯಿತು.

ಸ್ಟೇಷನ್ನಿನ ಮುಂಬಾಗಿಲು ದಾಟಿ ಮೊದಲ ಪ್ಲಾಟ್‌ಫಾರಂನಲ್ಲಿ ನಿಂತಳು. ಎದುರಿಗೆ ಹಳಿ, ಅದರಾಚೆ ಪ್ಲಾಟ್‌ಫಾರಂ, ಮತ್ತೆ ಹಳಿ. ಇದೂ ತೋಟದ ಸಾಲಿನ ಹಾಗೇ ಅನ್ನಿಸಿ ಧೈರ್ಯ ಬಂತು. ನಿಂತಲ್ಲೇ ನಿಂತಳು. ನಡುವೆ ನಿಂತ ರೈಲುಗಳು ಆಚೆಯದೇನನ್ನೂ ಕಾಣಗೊಡಲಿಲ್ಲ. ಹೊತ್ತು ಹೋಯಿತು. ಮಗಳ ಫೋನು ಸ್ವಿಚ್ ಆಫ್. ಹಾವೇರಿ ಕಡೆಯ ರೈಲು ಎಲ್ಲಿ ಎಂದು ವಿಚಾರಿಸಿದಳು.

"ಆ ಗಾಡಿ ಆಗ್ಲೇ ಕೊನೇ ಪ್ಲಾಟ್‌ಫಾರಂಗೆ ಬಂತಲ್ಲಮ್ಮ," ಎಂದ ಒಬ್ಬ ಪೋರ್ಟರು. "ಆ ಕಡೆ ಇನ್ನೊಂದು ಗೇಟಿದೆ. ಹೊರಗೆ ಹೋಗಿರ್ಬೇಕು."

ತುಂಬು ಬಸುರಿ, ಗುರುತಿಲ್ಲದ ಊರು. ಚಲುವಮ್ಮ ಓಡಿದಳು. ಮೆಟ್ಟಿಲು ಹತ್ತಿ, ಹಳಿಗಳಿಗೆ ಅಡ್ಡವಾದ ಸೇತುವೆಯ ನಡುವೆ ನಿಂತಳು. ಕೆಳಗೆಲ್ಲ ತಲೆಗಳು. ತೋಟದಲ್ಲಿ ಮಂಜು ಕವಿದು ಜೊತೆಯವರು ಕಾಣದಾದಾಗ ಮಾಡುತ್ತಿದ್ದುದನ್ನೇ ಮಾಡಿದಳು. ಬಾಯಿಗೆ ಕೈ ಹಿಡಿದು "ಕೂ..." ಎಂದಳು.

ಜನ ನಿಂತು ನೋಡಿದರು. ಕೊನೆಯ ಪ್ಲಾಟ್‌ಫಾರಂನ ಪಾರ್ಸೆಲ್ ಮೂಟೆಗಳ ಹಿಂದಿನಿಂದ ಸಣ್ಣಗೆ ಉತ್ತರ ಬಂತು: "ಕೂ..."

ರಂಜಿತಾ ಬ್ಯಾಗಿನ ಮೇಲೆ ಕೂತಿದ್ದಳು.

"ಮೆಟ್ಲು ಹತ್ತಿ ಬರೋಕೇನಾಗಿತ್ತೇ?"

"ನೀನೇ ಹೇಳಿದ್ಯಲ್ಲವ್ವ, ಸಾಲು ಬಿಡ್ಬೇಡ ಅಂತ. ಇಳಿದ ಸಾಲಲ್ಲೇ ಕೂತೆ."

ಚಲುವಮ್ಮ ಮಗಳ ಪಕ್ಕ ಕೂತು, ಕಣ್ಣೊರೆಸಿಕೊಳ್ಳುತ್ತ ನಕ್ಕಳು.

ಅಂದು ಹೊಟ್ಟೆಯಲ್ಲಿದ್ದ ಮೋಕ್ಷಿತಾ ಈಗ ಸ್ಕೂಲಿಗೆ ಹೋಗುತ್ತಾಳೆ. ಅಳಿಯ ಮೈಸೂರಿನಲ್ಲೇ, ಸ್ಟೇಷನ್ನಿನ ಹಿಂದಿನ ಗೇಟಿನ ಹತ್ತಿರ ಮನೆ ಮಾಡಿದ್ದಾನೆ. ಎಸ್ಟೇಟಿನ ಕೆಲಸ ಮುಗಿಸಿದ ಚಲುವಮ್ಮ ಮೊನ್ನೆ ಲೈನು ಮನೆಯ ಬೀಗದ ಕೈಯನ್ನು ರೈಟರಿಗೆ ಕೊಟ್ಟು, ಮಗಳ ಮನೆಯಲ್ಲೇ ಇರಲು ಹೊರಟಳು.

"ಒಬ್ಳೇ ಹೋಗ್ತೀಯಲ್ಲ, ದಾರಿ ಗೊತ್ತೇನಕ್ಕ?" ಎಂದಳು ಪಕ್ಕದ ಮನೆಯ ಮಾರಿ.

"ತಪ್ಪಿದ್ರೆ ಬಾಯಿಲ್ವೇನೇ?"

ಕಾಫಿ ಗಿಡಗಳ ನಡುವೆ ಅವಳ ಸೆರಗು ಮರೆಯಾಯಿತು. ತಿರುವಿನಾಚೆಯಿಂದ ಒಂದು ಕೂ ಕೇಳಿಸಿತು. ಮಾರಿ ಉತ್ತರ ಕೊಟ್ಟು, ತನ್ನ ಸಾಲಿಗೆ ಹೋದಳು.