ಮಿಂಕೆ ಟೀಚರನ್ನು ಚಿತ್ರದಿಂದ ಕತ್ತರಿಸಿದ್ದು

ನಮ್ಮ ಶಾಲೆಯಲ್ಲಿ ಚಪ್ಪಾಳೆ ತಟ್ಟುವಂತಿಲ್ಲ, ಆ ಸದ್ದು ಮಕ್ಕಳಿಗೆ ತಡೆಯದು. ಖುಷಿಯಾದರೆ ಎರಡೂ ಕೈ ಮೇಲೆತ್ತಿ ಬೆರಳು ಆಡಿಸಬೇಕು. ಹೊಸದಾಗಿ ಸೇರಿದವರು ಇದನ್ನು ನೋಡಿ ಮುಸಿಮುಸಿ ನಗುತ್ತಾರೆ. ವಾರ ಕಳೆಯುವಷ್ಟರಲ್ಲಿ ಅವರೂ ಮನೆಯಲ್ಲಿ ಫುಟ್‌ಬಾಲ್ ನೋಡುವಾಗ ಗೋಲು ಬಿದ್ದರೆ ಬೆರಳಾಡಿಸುತ್ತ ಕೂತಿರುತ್ತಾರೆ. ನಾನೋ ಹುಟ್ಟಿನಿಂದಲೇ ದೊಡ್ಡ ಗಂಟಲಿನವನು. ಆ ಜೂನ್ ತಿಂಗಳ ಮಂಗಳವಾರ, ಈಜುಕೊಳದ ದಂಡೆಯಲ್ಲಿ, ಕೂಗದೆ ಹೇಗೆ ಜೀವ ಹಿಡಿದುಕೊಂಡಿದ್ದೆನೋ ನನಗೇ ಗೊತ್ತಿಲ್ಲ!

ನನ್ನ ಹೆಸರು ಬೆರೆಂಟ್. ಲೇವಾರ್ಡನ್ ಊರಾಚೆ, ಕಾಲುವೆಯ ಪಕ್ಕದಲ್ಲಿರುವ ಖಾಸಗಿ ವಿಶೇಷ ಶಾಲೆಯಲ್ಲಿ ಕೀಲಿ, ಬಲ್ಬು, ಸೋರುವ ನಲ್ಲಿ, ಮಕ್ಕಳ ವ್ಯಾನು ಎಲ್ಲವೂ ನನ್ನ ಸುಪರ್ದಿಗೆ ಸೇರಿದ್ದು. ಆದರೆ ಹೇಳಹೊರಟಿರುವುದು ನನ್ನ ಕತೆಯಲ್ಲ, ಮಿಂಕೆ ಟೀಚರದ್ದು. ಆಕೆಗೆ ಗೊತ್ತಾದರೆ ನನ್ನ ಕಿವಿ ಹಿಂಡುತ್ತಾಳೆ, ಹಿಂಡಲಿ.

ಈ ಶಾಲೆ ಮೊದಲು ಹಾಲಿನ ಡೇರಿಯಾಗಿತ್ತು. "ನಿಮ್ಮ ಮಗು ನಮ್ಮಲ್ಲಿ ಹೊಂದಿಕೊಳ್ಳಲ್ಲ" ಎಂದು ಊರಿನ ಶಾಲೆಗಳಿಂದ ಕೇಳಿ ಕೇಳಿ ರೋಸಿಹೋದ ಒಂದಷ್ಟು ಅಪ್ಪ ಅಮ್ಮಂದಿರು ಸೇರಿ ಕಟ್ಟಡ ಹಿಡಿದು, ತಾವೇ ಗೋಡೆಗೆ ಬಣ್ಣ ಬಳಿದು ಶುರು ಮಾಡಿದರು. ಒಂದೊಂದು ತರಗತಿಗೆ ಬೆರಳೆಣಿಕೆಯ ಮಕ್ಕಳು, ಇಬ್ಬರು ದೊಡ್ಡವರು. ಒಬ್ಬ ಬೆಳಗಿನಿಂದ ಸಂಜೆವರೆಗೆ ರೈಲುಗಳ ಬಗ್ಗೆಯೇ ಮಾತಾಡುತ್ತಾನೆ, ಇನ್ನೊಬ್ಬಳು ತಿಂಗಳಿಗೊಂದು ಮಾತಾಡಿದರೆ ಹಬ್ಬ. ಲೆಕ್ಕ ಹೇಳಿಕೊಡುವುದು ಅಡುಗೆಮನೆಯಲ್ಲಿ ಹಿಟ್ಟು ಅಳೆಯುತ್ತ, ಓದು ಹೇಳಿಕೊಡುವುದು ಅಂಗಡಿಯ ಬೋರ್ಡು ನೋಡುತ್ತ. ಲೋಕದ ಗಲಾಟೆ ತಡೆಯದಾದಾಗ ಹೋಗಿ ಕೂರಲು ಮಂದ ಬೆಳಕಿನ, ಮೆತ್ತನೆ ಗೋಡೆಯ ಒಂದು ಕೋಣೆಯಿದೆ. ಪೋಷಕರ ಸಭೆಯ ದಿನ ನಾನೂ ಅಲ್ಲಿ ಹೋಗಿ ಕೂರುವುದುಂಟು.

ಎಲ್ಲಕ್ಕಿಂತ ಮುಖ್ಯವಾದದ್ದು ಚಿತ್ರಗಳು. ಪ್ರತಿ ಮಗುವಿಗೂ ಗೋಡೆಯ ಮೇಲೆ ಅದರದೇ ಚಿತ್ರಗಳ ಸಾಲು: ಕೋಟು ಬಿಚ್ಚು, ಬ್ರೆಡ್ ತಿನ್ನು, ಲೆಕ್ಕ ಮಾಡು, ಈಜಲು ಹೋಗು, ವ್ಯಾನು ಹತ್ತು. ಒಂದು ಕೆಲಸ ಮುಗಿದರೆ ಮಗುವೇ ಆ ಚಿತ್ರ ಕಿತ್ತು ಕೆಳಗಿನ ಚೀಲಕ್ಕೆ ಹಾಕಬೇಕು. ಮುಂದೆ ಏನಾಗುತ್ತದೆ ಎಂದು ಗೊತ್ತಾದರೆ ಅರ್ಧ ಭಯ ಹೋದಂತೆ. ಅದಕ್ಕೇ ಮಿಂಕೆಯ ಶಾಸನ: "ಚಿತ್ರ ಸುಳ್ಳು ಹೇಳಬಾರದು." ಚಿತ್ರದಲ್ಲಿ ಇದ್ದದ್ದು ಆಗಲೇಬೇಕು. ಆಗದಿದ್ದರೆ ಮಗುವಿನ ಕಣ್ಣೆದುರೇ ಚಿತ್ರ ಬದಲಾಗಬೇಕು. ಒಂದು ದಿನ ಚಿತ್ರದಲ್ಲಿ ಸೇಬು, ಅಡುಗೆಮನೆಯಲ್ಲಿ ಬರೀ ಪೇರ್ ಹಣ್ಣು. ಆ ಪುಣ್ಯಾತ್ಗಿತ್ತಿ ಆಲಿಕಲ್ಲು ಬೀಳುತ್ತಿರುವಾಗ ನನ್ನನ್ನು ಸೈಕಲ್ ಮೇಲೆ ಸೇಬಿಗೆ ಓಡಿಸಿದಳು. ದಾರಿಯುದ್ದಕ್ಕೂ ಅವಳ ಜನ್ಮ ಜಾಲಾಡಿದೆ.

ಮಿಂಕೆ ದನ ಸಾಕುವವರ ಮನೆಯ ಮಗಳು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ತಗ್ಗಿದ ದನಿ, ಬಾಯಲ್ಲಿ ಸದಾ ಉಪ್ಪುಪ್ಪಾದ ಕಪ್ಪು ಮಿಠಾಯಿ. ಮೊದಲು ಪದಕ ಗೆಲ್ಲುವ ಹುಡುಗಿಯರಿಗೆ ಈಜು ಕಲಿಸುತ್ತಿದ್ದಳಂತೆ. ಅದನ್ನು ಬಿಟ್ಟು ಇಲ್ಲಿಗೆ ಯಾಕೆ ಬಂದೆ ಎಂದು ನಾನೊಮ್ಮೆ ಕೆದಕಿದೆ.

"ಅವರು ನಾನಿಲ್ದಿದ್ರೂ ಈಜ್ತಿದ್ರು ಕಣೋ."

"ಇಲ್ಲಿ ನೀನಿಲ್ದಿದ್ರೆ ಆಗಲ್ಲ ಅಂತ ಜಂಬ ಬೇರೆ!"

"ಜಂಬ ಅಲ್ಲ. ನನ್ನ ಕೆಲಸ ಏನ್ ಗೊತ್ತಾ? ಕೊನೆಗೆ ಈ ಮಕ್ಕಳ ಹತ್ರ ನೀನು ಬೇಡ ಅನ್ನಿಸ್ಕೊಳ್ಳೋದು." ಹಾಗೆಂದು ಮಿಠಾಯಿಯೊಂದನ್ನು ನನ್ನ ಬಾಯಿಗೆ ತುರುಕಿ ಹೊರಟುಹೋದಳು. ಹೆಚ್ಚು ಮಾತಾಡುವವರ ಬಾಯಿಗೆ ಅವಳು ಬೀಗ ಹಾಕುವುದು ಹಾಗೆಯೇ.

ಈಗ ಮಾರಿಟ್. ಹನ್ನೊಂದು ವರ್ಷದ ಹುಡುಗಿ. ಮಾತು ಬಹಳ ಕಡಿಮೆ, ನೀರೆಂದರೆ ಪ್ರಾಣ. ಕೊಳದಲ್ಲಿ ಈಜುಡುಗೆ ಹಾಕಿಕೊಂಡರೆ ಮೀನು. ಆದರೆ ಒದ್ದೆ ಬಟ್ಟೆ ಮೈಗೆ ಅಂಟಿದರೆ ಮುಗಿಯಿತು, ಚರ್ಮ ಸುಟ್ಟವಳಂತೆ ಚೀರುತ್ತ ಕೈಕಾಲು ಬಿಡುತ್ತಾಳೆ. ಅವರ ಮನೆಯಿರುವುದು ಕಾಲುವೆಯ ಅಂಚಿನಲ್ಲೇ. ವಸಂತದಲ್ಲಿ ಒಂದು ದಿನ ಗೇಟು ದಾಟಿ ಹೋಗಿ ಕೋಟು ಬೂಟು ಸಮೇತ ನೀರಿಗಿಳಿದುಬಿಟ್ಟಳು. ದೋಣಿಯವನೊಬ್ಬ ಕಾಲರಿಗೆ ಕೊಕ್ಕೆ ಹಾಕಿ ಎಳೆದುಕೊಂಡದ್ದರಿಂದ ಬದುಕಿದಳು. ಅವತ್ತಿನಿಂದ ಅವಳಪ್ಪ ಹೆಸೆಲ್ ಗೇಟಿಗೆ ಬೀಗ, ಕಿಟಕಿಗೆ ಬೀಗ ಜಡಿದ. ಅಮ್ಮ ಎಲ್ಲೆನ್ ಮಗಳ ಬಾಗಿಲ ಮುಂದೆ ಹಾಸಿಗೆ ಹಾಸಿದಳು.

ಮೇ ತಿಂಗಳಲ್ಲಿ ಹೆಸೆಲ್ ಶಾಲೆಗೆ ಬಂದ. ಕಾಫಿ ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡೇ ನಿಂತ.

"ದಕ್ಷಿಣದಲ್ಲಿ ಒಂದು ವಸತಿ ಶಾಲೆ ಇದೆ ಟೀಚರ್. ಸುತ್ತ ಎಲ್ಲೂ ನೀರಿಲ್ಲ. ಇವಳಿಗೆ ಅಂತ ಒಂದು ರೂಮು ತೆಗೆದಿಟ್ಟಿದಾರೆ."

"ಮಾರಿಟ್ ಅಲ್ಲೇ ಇರ್ಬೇಕಾ?" ಮಿಂಕೆ ಕೇಳಿದಳು.

"ತಿಂಗಳಿಗೊಂದ್ಸಲ ಮನೆಗೆ ಬರ್ಬಹುದು. ನನಗೇನು ಕಳಿಸೋ ಆಸೆನಾ? ಮನೇನ ಜೈಲು ಮಾಡಿಟ್ಟಿದೀನಿ, ಆದ್ರೂ ನಿದ್ದೆ ಬರಲ್ಲ. ಬಟ್ಟೆ ಹಾಕ್ಕೊಂಡು ಈಜೋ ಪರೀಕ್ಷೆ ಪಾಸಾದ್ರೆ ಇಲ್ಲೇ ಇರ್ಲಿ. ಇಲ್ಲಾಂದ್ರೆ..." ಕಾಫಿ ಕಪ್ಪು ಕೆಳಗಿಟ್ಟ.

ನಮ್ಮಲ್ಲಿ ಮಕ್ಕಳು ಈಜಿನ ಮೊದಲ ಪ್ರಮಾಣಪತ್ರ ಪಡೆಯುವುದು ಅಂಗಿ ಚಡ್ಡಿ ಶೂ ತೊಟ್ಟುಕೊಂಡೇ. ಕಾಲುವೆಗೆ ಬೀಳುವವರು ಈಜುಡುಗೆ ಹಾಕಿಕೊಂಡು ಬೀಳುವುದಿಲ್ಲವಲ್ಲ! ಪರೀಕ್ಷೆ ಜೂನ್‌ನಲ್ಲಿತ್ತು. ಅಲ್ಲಿಯವರೆಗೆ ವಸತಿ ಶಾಲೆಯವರು ಕಾಯಲು ಒಪ್ಪಿದ್ದರು.

ಮಿಂಕೆ ಟೊಂಕ ಕಟ್ಟಿ ನಿಂತಳು. ಮೊದಲು ಮಾರಿಟ್ಳ ಮಣಿಕಟ್ಟಿಗೆ ಒಂದು ಒದ್ದೆ ಕರವಸ್ತ್ರ, ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಒಂದು ಕಾಲುಚೀಲ. ಆಮೇಲೆ ಅಂಗಿ. ಪ್ರತಿ ಮಂಗಳವಾರ ಊರಿನ ಕೊಳದಲ್ಲಿ ತಾನೂ ಕೆಂಪು ಸ್ವೆಟರ್ ತೊಟ್ಟು ನೀರಿಗಿಳಿದು, "ನೋಡು, ನಂಗೂ ಅಂಟ್ಕೊಳ್ತು, ಥೂ!" ಎಂದು ಮುಖ ಸೊಟ್ಟ ಮಾಡುತ್ತಿದ್ದಳು. ಮಾರಿಟ್ ನಗುತ್ತಿದ್ದಳು. ಕೊನೆಗೊಂದು ಮಂಗಳವಾರ ಇಬ್ಬರೂ ಶೂ ಸಮೇತ ಅಕ್ಕಪಕ್ಕ ಈಜಿಯೇಬಿಟ್ಟರು! ನಾವೆಲ್ಲ ಹಿಗ್ಗಿ ಹೀರೇಕಾಯಿಯಾದೆವು. ಫೋಟೊ ತೆಗೆದು, ಪ್ಲಾಸ್ಟಿಕ್ ಹೊದಿಸಿ, ಪರೀಕ್ಷೆಯ ದಿನದ ಚಿತ್ರಸಾಲು ತಯಾರಾಯಿತು. ಶಾಲೆಯವರೆಲ್ಲ ಅದನ್ನು ನೋಡಿದೆವು, ಮೆಚ್ಚಿದೆವು.

ಪರೀಕ್ಷೆಗೆ ಕೆಲವು ದಿನ ಮುಂಚೆ ಮಾರಿಟ್ಳ ಅಣ್ಣ ಟೈಮನ್ ಹೈಸ್ಕೂಲು ಮುಗಿಸಿದ. ಪಾಸಾದವರ ಮನೆಯಲ್ಲಿ ಬಾವುಟ ಹಾರಿಸಿ ಕೋಲಿನ ತುದಿಗೆ ಅವರ ಶಾಲೆಯ ಚೀಲ ತೂಗುಹಾಕುವುದು ವಾಡಿಕೆ. ನಾನು ವ್ಯಾನು ತಂದು ನಿಲ್ಲಿಸಿದರೆ ಮಾರಿಟ್ ಹತ್ತಲೊಲ್ಲಳು, ತಲೆಯೆತ್ತಿ ಚೀಲವನ್ನೇ ನೋಡುತ್ತಿದ್ದಳು.

"ಪಾಸಾದೋರು ತೂಗ್ಹಾಕ್ತಾರೆ ಕಣೇ ಮರಿ," ಎಂದ ಟೈಮನ್.

ಮಂಗಳವಾರ ಬಂತು. ಚಿತ್ರಸಾಲು, ಅದರ ಚೀಲ ಎರಡನ್ನೂ ಕೊಳಕ್ಕೇ ತಂದಿದ್ದೆವು. ಕಂಬಿಯಾಚೆ, ನೋಡಲು ಬಂದವರು ಕೂರುವ ಮೆಟ್ಟಿಲುಗಳ ಮೇಲೆ ಹೆಸೆಲ್, ಎಲ್ಲೆನ್, ಟೈಮನ್, ನಮ್ಮ ಅರ್ಧ ಶಾಲೆ. ಪರೀಕ್ಷಕ ಮೈಂಡರ್ಟ್ ಬಿಳಿ ಅಂಗಿ ತೊಟ್ಟು, ಮೆರವಣಿಗೆಯಲ್ಲಿ ಬರುವ ದೇವರಂತೆ ಗಂಭೀರವಾಗಿ ಬಂದ. ಮಾರಿಟ್ ತಾನೇ ಅಂಗಿ ಹಾಕಿಕೊಂಡಳು, ಚಿತ್ರ ಕಿತ್ತು ಚೀಲಕ್ಕೆ ಹಾಕಿದಳು. ಶೂ ಹಾಕಿಕೊಂಡಳು, ಕಿತ್ತು ಹಾಕಿದಳು. ಕೊಳದ ಅಂಚಿಗೆ ಬಂದು ಮುಂದಿನ ಚಿತ್ರ ನೋಡಿದಳು. ನಿಂತಳು. ಮಿಂಕೆಯನ್ನು ನೋಡಿದಳು. ಮತ್ತೆ ಚಿತ್ರಕ್ಕೆ ಬೆರಳಿಟ್ಟಳು.

ಆಗ ಹೊಳೆಯಿತು ನಮಗೆಲ್ಲ. ಚಿತ್ರದಲ್ಲಿ ಮಾರಿಟ್ಳ ಪಕ್ಕದಲ್ಲಿ, ನೀರಿನೊಳಗೆ, ಕೆಂಪು ಸ್ವೆಟರ್ ತೊಟ್ಟ ಮಿಂಕೆ! ಸೇಬಿಗಾಗಿ ನನ್ನನ್ನು ಆಲಿಕಲ್ಲಿನಲ್ಲಿ ಓಡಿಸಿದ ಶಾಲೆ, ಅಷ್ಟೂ ಜನ ಕಣ್ಣಲ್ಲಿ ಕಣ್ಣಿಟ್ಟು ನೋಡಿಯೂ, ಇದನ್ನು ಕಂಡಿರಲಿಲ್ಲ.

"ಟೀಚರ್ ನೀರಿಗಿಳಿಯೋ ಹಾಗಿಲ್ಲ," ಎಂದ ಮೈಂಡರ್ಟ್.

ನನಗೆ ಪಿತ್ತ ನೆತ್ತಿಗೇರಿತು. "ಒಂದ್ಸಲ ಆ ಕಡೆ ತಿರುಗಿ ನಿಂತ್ಕೊಂಡ್ರೆ ನಿಮ್ಮಪ್ಪನ ಗಂಟೇನು ಹೋಗುತ್ತಯ್ಯಾ?" ಎಂದೆ.

"ಬೆರೆಂಟ್, ಸುಮ್ನಿರು," ಎಂದಳು ಮಿಂಕೆ.

ಮೇಲಿನಿಂದ ಎಲ್ಲೆನ್ ಅಳುದನಿಯಲ್ಲಿ, "ಇಳೀರಿ ಟೀಚರ್, ನಿಮ್ಮ ಕಾಲಿಗೆ ಬೀಳ್ತೀನಿ. ಪರೀಕ್ಷಕರನ್ನ ನಾವು ಒಪ್ಪಿಸ್ತೀವಿ," ಎಂದಳು.

ಮಿಂಕೆ ತಲೆಯಾಡಿಸಿದಳು. "ಕಾಲುವೆಗೆ ಬಿದ್ದಾಗ ನಾನು ಪಕ್ಕದಲ್ಲಿ ಇರಲ್ಲ ಎಲ್ಲೆನ್."

ಹೆಸೆಲ್ ಮುಖ ಮುಚ್ಚಿಕೊಂಡ. ಮಾರಿಟ್ ಚಿತ್ರಕ್ಕೆ ಇಟ್ಟ ಬೆರಳು ತೆಗೆದಿರಲಿಲ್ಲ. ಅವಳ ತುಟಿ ನಡುಗಲು ಶುರುವಾಗಿತ್ತು, ಇನ್ನೊಂದು ಗಳಿಗೆ ಹೋದರೆ ಚೀರುತ್ತಾಳೆ, ಆಮೇಲೆ ಇವತ್ತಿಗೆ ಏನೂ ನಡೆಯದು. ಮಿಂಕೆ ನನ್ನ ಸೊಂಟದ ಚೀಲಕ್ಕೆ ಕೈಹಾಕಿ, ಕೇಳದೆ ಮಾಡದೆ, ನಾನು ವೈರು ಕತ್ತರಿಸುವ ಕತ್ತರಿ ತೆಗೆದುಕೊಂಡಳು. ಮಂಡಿಯೂರಿ ಕೂತು, ಚಿತ್ರ ಕಿತ್ತು ಮಾರಿಟ್ಳ ಕೈಗಿಟ್ಟಳು.

"ಚಿತ್ರ ತಪ್ಪಾಗಿದೆ ಮಾರಿಟ್. ನೀರಲ್ಲಿ ಮಿಂಕೆ ಇಲ್ಲ. ನೀನೇ ಸರಿ ಮಾಡು."

ಮಾರಿಟ್ ಕತ್ತರಿ ನೋಡಿದಳು. ಚಿತ್ರ ನೋಡಿದಳು. ಆಮೇಲೆ ಆ ಹುಡುಗಿ ನಾಲಿಗೆ ಹಲ್ಲಿನ ನಡುವೆ ಇಟ್ಟುಕೊಂಡು, ದರ್ಜಿಯ ಹಾಗೆ ತಾಳ್ಮೆಯಿಂದ, ಕೆಂಪು ಸ್ವೆಟರಿನ ಸುತ್ತ ಕತ್ತರಿಸತೊಡಗಿದಳು. ತೋಳು, ಭುಜ, ತಲೆ. ಬೆರಳುದ್ದದ ಮಿಂಕೆ ಕಳಚಿ ಅವಳ ಅಂಗೈಗೆ ಬಿದ್ದಳು. ಚಿತ್ರದಲ್ಲಿ ಉಳಿದ ತೂತಿಗೆ ಮಾರಿಟ್ ಕಣ್ಣಿಟ್ಟು ನೋಡಿದಳು. ಅದರಾಚೆ ಕೊಳದ ನೀರು ಕಾಣಿಸಿರಬೇಕು. ಪುಟ್ಟ ಮಿಂಕೆಯನ್ನು ಒಯ್ದು ದಂಡೆಯ ಬೆಂಚಿನ ಮೇಲಿಟ್ಟು, ಪಕ್ಕದ ಜಾಗ ತಟ್ಟಿದಳು.

"ಕೂತ್ಕೋ."

ಮಿಂಕೆ ಹೋಗಿ ಕೂತಳು. ಮಾರಿಟ್ ಓಡಿಬಂದು ಧುಮುಕಿಯೇಬಿಟ್ಟಳು!

ಅಂಗಿ ಗಾಳಿ ತುಂಬಿ ಬುಗ್ಗೆಯಂತೆ ಉಬ್ಬಿತು. ಕೈ ಬೀಸಿದಳು, ಕಾಲು ಬಡಿದಳು, ಅರ್ಧ ಕೊಳ ದಾಟಿದಳು. ನಾನು ಟೊಪ್ಪಿಯನ್ನು ಬಾಯಿಗೆ ತುರುಕಿಕೊಂಡೆ. ಅಷ್ಟರಲ್ಲಿ ಅಂಗಿ ಕುತ್ತಿಗೆಗೆ ಅಂಟಿತು. ಈಜು ನಿಂತಿತು. ಮಾರಿಟ್ ಕಾಲರ್ ಹಿಡಿದು ಎಳೆಯುತ್ತ ಮುಳುಗಿದಳು, ಎದ್ದಳು, ಮತ್ತೆ ಮುಳುಗಿದಳು. ಹೆಸೆಲ್ ಕಂಬಿ ಹತ್ತಲು ಕಾಲೆತ್ತಿದ, ಟೈಮನ್ ಅಪ್ಪನನ್ನು ತಬ್ಬಿ ಹಿಡಿದ. ನಾನು ಮಿಂಕೆಯತ್ತ ತಿರುಗಿದೆ. ಆಕೆ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಅವಚಿಕೊಂಡಿದ್ದಳು, ಮುಖ ಸುಣ್ಣದಂತಾಗಿತ್ತು. ಆದರೂ ಏಳಲಿಲ್ಲ. ಮಾರಿಟ್ ತಲೆ ಹೊರಗೆ ಹಾಕಿದಾಗ ನೇರ ಅವಳ ಕಡೆಗೇ ನೋಡಿದಳು. ಮಿಂಕೆ ತನ್ನ ಕಾಲರ್ ಹಿಡಿದು, ಮುಖ ಸೊಟ್ಟ ಮಾಡಿ, "ಥೂ!" ಎಂದಳು.

ಮಾರಿಟ್ ನಕ್ಕಳು. ನೀರಿನ ನಡುವೆ, ಬಾಯಿತುಂಬ ನೀರು ಇಟ್ಟುಕೊಂಡು, "ಥೂ!" ಎಂದು ಉಗಿದಳು. ಅಂಗಾತ ಹೊರಳಿಕೊಂಡಳು. ಕಾಲು ಬಡಿಯತೊಡಗಿದಳು, ಬಡಿದಳು, ಬಡಿದಳು, ತಲೆ ಆಚೆ ದಂಡೆಗೆ ತಾಗಿತು! ಶೂಗಳಿಂದ ನೀರು ಸುರಿಸುತ್ತ ಏಣಿ ಹತ್ತಿ ನಿಂತಳು.

ಅಷ್ಟೂ ಜನ ಕೈ ಮೇಲೆತ್ತಿ ಬೆರಳಾಡಿಸಿದೆವು. ಒಂದು ಶಬ್ದವಿಲ್ಲ. ಮೈಂಡರ್ಟ್ ಕೂಡ ಕೈಯೆತ್ತಿದ, ಕಣ್ಣಲ್ಲಿ ನೀರು ಬೇರೆ. ಆ ನಿಶ್ಶಬ್ದದಲ್ಲಿ ಮಾರಿಟ್ಳೇ ತಲೆ ಹಿಂದಕ್ಕೆ ಹಾಕಿ, ಚಾವಣಿ ಹಾರಿಹೋಗುವಂತೆ, "ಹೋಓಓಓ!" ಎಂದು ಕೂಗಿದಳು. ಇನ್ನು ನನ್ನನ್ನು ಹಿಡಿಯುವವರು ಯಾರು? ಟೊಪ್ಪಿ ಉಗಿದು ನಾನೂ ಕೂಗಿದೆ.

ಈಜುಡುಗೆಯಲ್ಲಿ ಮಾಡುವ ಉಳಿದ ಭಾಗ ಅವಳಿಗೆ ನೀರು ಕುಡಿದಷ್ಟು ಸಲೀಸು. ಪರೀಕ್ಷೆಗೆಂದು ನೀರಿನಡಿ ಇಳಿಬಿಟ್ಟ ಪರದೆಯ ತೂತಿನಲ್ಲಿ ಒಮ್ಮೆ ನುಸುಳು ಎಂದರೆ ಮೂರು ಸಲ ನುಸುಳಿದಳು. ಪ್ರಮಾಣಪತ್ರ ಕೈಗೆ ಬಂತು. ನಮ್ಮ ಪದ್ಧತಿಯಂತೆ ಎಲ್ಲರೂ ಎಲ್ಲರನ್ನೂ ಅಭಿನಂದಿಸಿದರು, ಅಪ್ಪನನ್ನು, ಅಣ್ಣನನ್ನು, ಕೊನೆಗೆ ಕತ್ತರಿ ಕೊಟ್ಟದ್ದಕ್ಕೆ ನನ್ನನ್ನೂ. ಕಾಗದದ ಕೊಟ್ಟೆಯಲ್ಲಿ ಬಿಸಿಬಿಸಿ ಕರಿದ ಆಲೂಗಡ್ಡೆ ತಿಂದೆವು. ಮಾರಿಟ್ ಒಣ ಬಟ್ಟೆ ಹಾಕಿಕೊಂಡಳು, ಆದರೆ ಶೂ ಮಾತ್ರ ಒದ್ದೆಯವೇ ಬೇಕೆಂದು ಹಟ ಹಿಡಿದಳು. ಒದ್ದೆ ಬಟ್ಟೆಯ ಹೆಸರೆತ್ತಿದರೆ ಚೀರುತ್ತಿದ್ದವಳು!

ಸಾಲಿನ ಕೊನೆಯ ಚಿತ್ರ ವ್ಯಾನು, ಹಾಗಾಗಿ ಅಪ್ಪನ ಕಾರು ಹತ್ತಲಿಲ್ಲ, ನನ್ನ ಜತೆಗೇ ಬಂದಳು. ಮಿಂಕೆ ಪಕ್ಕದಲ್ಲಿ ಕೂತಿದ್ದಳು, ಬೆರಳುದ್ದದ ತನ್ನನ್ನು ಜೇಬಿನಲ್ಲಿಟ್ಟುಕೊಂಡು.

"ಏನಮ್ಮಾ, ನೀನು ಬೇಡ ಅಂದ್ಬಿಟ್ಳಲ್ಲ," ಎಂದು ಕೆಣಕಿದೆ.

"ಹೂಂ ಕಣೋ. ಕತ್ತರಿಸೇ ಹಾಕಿದ್ಳು!" ಎಂದು ನಗುತ್ತ, ಅಳುತ್ತ ಹೇಳಿದಳು. ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಮನೆ ಮುಂದೆ ವ್ಯಾನು ನಿಂತಾಗ ಹೆಸೆಲ್ ಗೇಟಿನ ಬೀಗ ತೆಗೆಯುತ್ತಿದ್ದ. ಮಾರಿಟ್ ಇಳಿದವಳೇ ನೆಲದ ಮೇಲೆ ಕೂತು, ಶೂ ಕಳಚಿ, ಎರಡರ ಲೇಸನ್ನೂ ಒಟ್ಟಿಗೆ ಹಿಡಿದು ಅಣ್ಣನ ಮುಂದೆ ಚಾಚಿದಳು. ಇನ್ನೊಂದು ಕೈಯಲ್ಲಿ ಬಾವುಟದ ಕೋಲು ತೋರಿಸಿದಳು.

"ಪಾಸು," ಎಂದಳು.

ಟೈಮನ್ ಒಳಗೆ ಓಡಿದ. ಏಣಿ ತಂದು, ತನ್ನ ಚೀಲ ಬಿಚ್ಚಿ ಕೆಳಗೆಸೆದು, ಆ ಜಾಗದಲ್ಲಿ ತಂಗಿಯ ಒದ್ದೆ ಶೂ ಕಟ್ಟಿದ. ಹೆಸೆಲ್ ಬೀಗವನ್ನು ಒಂದು ಕೈಯಲ್ಲಿ ಹಿಡಿದೇ ಕೋಲಿನ ಕೆಳಗೆ ನಿಂತು ದಕ್ಷಿಣದ ಆ ವಸತಿ ಶಾಲೆಗೆ ಫೋನು ಹಚ್ಚಿದ. "ಇಲ್ಲ, ಬೇಡ. ರೂಮು ಬೇರೆ ಯಾರಿಗಾದ್ರೂ ಕೊಡಿ. ಅವಳು ಮನೇಲೇ ಇರ್ತಾಳೆ," ಎನ್ನುತ್ತಿದ್ದ. ಶೂಗಳಿಂದ ಕೊಳದ ನೀರು ತೊಟ್ಟು ತೊಟ್ಟಾಗಿ ಅವನ ತಲೆಯ ಮೇಲೆ ಬೀಳುತ್ತಿತ್ತು. ಅವನು ಪಕ್ಕಕ್ಕೆ ಸರಿಯಲಿಲ್ಲ.