ಹುಳುಮನೆಯ ತೊಲೆಗೆ ತೂಗಿದ ನೌಕೆ

ಗಾಳಿ, ದೆವ್ವ ಎಂದು ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು. ಓದಿದ್ದು ನಾಲ್ಕನೇ ಕ್ಲಾಸಾದರೂ ಕಣ್ಣಾರೆ ಕಂಡದ್ದನ್ನು ಮಾತ್ರ ನಂಬುತ್ತೇನೆಂಬ ಹಟ ಇತ್ತು. ತೊಂದರೆಯೆಂದರೆ, ಇದನ್ನು ನಾನು ಕಣ್ಣಾರೆ ಕಂಡೆ.

ಅದು ತೊಂಬತ್ತರ ದಶಕ. ಹೊಣಕೆರೆ ಹತ್ತಿರದ ನಮ್ಮೂರಿನಲ್ಲಿ ಅಪ್ಪ ರೇಷ್ಮೆಹುಳ ಸಾಕುತ್ತಿದ್ದರು. ಸ್ಕೂಲು ಬಿಟ್ಟಿದ್ದ ನನಗೆ ಹುಳುಮನೆಯ ಕೆಲಸ. ತಮ್ಮ ಶಿವುಗೆ ಭಾನುವಾರ ಬಂತೆಂದರೆ ಎದುರುಮನೆಯ ಟಿವಿ. ಅದರಲ್ಲಿ ಆಕಾಶನೌಕೆಯ ಹಳೆಯ ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತು. ಮಾತು ಒಂದೂ ತಿಳಿಯದಿದ್ದರೂ ನೌಕೆಯ ಒಂದೊಂದು ಭಾಗವೂ ಅವನಿಗೆ ಬಾಯಿಪಾಠ. ಮುಂದೆ ಡಬ್ಬದ ಮುಚ್ಚಳ, ನಡುವೆ ಬಿದಿರುಕಡ್ಡಿ, ಹಿಂದೆ ಎರಡು ಬಿಳಿ ರೇಷ್ಮೆಗೂಡು. ಥೇಟ್ ಅದೇ ನೌಕೆ ಮಾಡಿ ಹುಳುಮನೆಯ ತೊಲೆಗೆ ನೇತುಹಾಕಿದ್ದ.

“ಅಕ್ಕಾ, ಅತ್ಕೊ. ಚಂದ್ರನ್ ತಕ್ಕೆ ಬುಟ್ಬುಟ್ಟು ಬತ್ತೀನಿ.”

“ನಾನ್ ಓದ್ರೆ ಉಳದ್ ತಟ್ಟೆಗೆ ಸೊಪ್ಪು ನಿಮ್ಮಜ್ಜಿ ಆಕಾಳಾ? ಓಗ್ಲಾ!”

ಆದರೆ ನನಗೂ ಟಿವಿಯ ಆ ನೌಕೆ ನೋಡುವ ಆಸೆ. ಒಂದು ಭಾನುವಾರ ಮಳೆ ಬಂದು ಹಿಪ್ಪುನೇರಳೆ ಸೊಪ್ಪೆಲ್ಲ ನೆನೆದಿತ್ತು. ಹರವಿ, ಒಣಗಿಸಿಯೇ ಹುಳಕ್ಕೆ ಹಾಕಬೇಕು, ಇಲ್ಲದಿದ್ದರೆ ರೋಗ ಬರುತ್ತದೆ. ಅಷ್ಟರಲ್ಲಿ ಎದುರುಮನೆಯಿಂದ ಧಾರಾವಾಹಿಯ ಹಾಡು ಕೇಳಿತು. ಒದ್ದೆ ಸೊಪ್ಪನ್ನೇ ಸುರಿದು ಓಡಿದೆ. ಕಿಟಕಿಯಾಚೆ ನಿಂತು, ನಕ್ಷತ್ರಗಳ ನಡುವೆ ನೌಕೆ ತೇಲುವುದನ್ನು ಬಾಯಿ ಬಿಟ್ಟುಕೊಂಡು ನೋಡಿದೆ.

ಕೆಲವೇ ದಿನಗಳಲ್ಲಿ ಹುಳಗಳು ಊದಿಕೊಂಡು, ಹಾಲಿನಂಥದ್ದು ಸೋರಿ ಸತ್ತವು. ಗೂಡು ಕಟ್ಟುವ ಹೊತ್ತಿಗೆ ಇಡೀ ಬೆಳೆ ಹೋಯಿತು.

“ಏನ್ರವ್ವ ಮಾಡುದ್ರಿ?” ಎಂದರು ಅಪ್ಪ.

“ಇವ್ನೇ ಕಣಪ್ಪ. ಬೀದಿ ಕಸವ ಆಯ್ಕೊಂಡ್ ಬಂದು ಒಳಗೆ ಕಟ್ಟವ್ನೆ,” ಎಂದುಬಿಟ್ಟೆ.

ಸತ್ತ ಹುಳ ಸುಡುವ ಬೆಂಕಿಗೆ ಅಪ್ಪ ನೌಕೆಯನ್ನೂ ಎಸೆದರು. ಶಿವು ಅಳಲಿಲ್ಲ. “ನಂದೇ ತಪ್ಪಾ ಅಕ್ಕಾ?” ಎಂದು ನನ್ನನ್ನೇ ಕೇಳಿದ. ಹೂಂ ಎಂದೆ.

ಮರುದಿನ ಬೂದಿ ಕೆದಕಿ, ಸುಟ್ಟು ಕಪ್ಪಾದ ಮುಚ್ಚಳ ತೆಗೆದೆ. ಅದನ್ನು ಅವನಿಗೆ ಕೊಟ್ಟು ನಿಜ ಹೇಳಿಬಿಡಬೇಕೆಂದಿದ್ದೆ. ಸಂಜೆ ಕರೆಂಟು ಹೋಗಿತ್ತು. ಶಿವು ಹುಳುಮನೆಯ ಹೊಸ್ತಿಲಲ್ಲಿ ಒಬ್ಬನೇ ಕೂತಿದ್ದ. ತಟ್ಟೆಗಳನ್ನೆಲ್ಲ ತೊಳೆದು ಹೊರಗಿಟ್ಟಿದ್ದೆವು. ಆದರೂ ಖಾಲಿ ಮನೆಯೊಳಗೆ ಹುಳ ಸೊಪ್ಪು ಮೇಯುವ ಸದ್ದು, ಸೋನೆ ಮಳೆಯ ಹಾಗೆ. ತಲೆಯೆತ್ತಿದರೆ ತೊಲೆಯ ಕೆಳಗೆ ನೌಕೆ! ಗೂಡುಗಳು ಬೆಳ್ಳಗೆ, ಮುಚ್ಚಳ ಫಳಫಳ, ಮೆಲ್ಲಗೆ ತಿರುಗುತ್ತಿತ್ತು. ಆ ಮುಚ್ಚಳ ನನ್ನ ಕೈಯಲ್ಲಿತ್ತು.

“ನಿಂಗೂ ಕಾಣ್ತದಾ ಅಕ್ಕಾ?”

“ಊಂ ಕಣ್ಲಾ.”

ಕರೆಂಟು ಬಂತು. ಸದ್ದೂ ಇಲ್ಲ, ನೌಕೆಯೂ ಇಲ್ಲ. ಶಿವು ಖುಷಿಯಿಂದ ನನ್ನನ್ನು ತಬ್ಬಿಕೊಂಡ. ನಾನು ಮುಚ್ಚಳವನ್ನು ಲಂಗದ ಮರೆಯಲ್ಲಿ ಅಡಗಿಸಿದೆ.

ಅವನೀಗ ಪಾಂಡವಪುರದಲ್ಲಿ ಟ್ರಾಕ್ಟರು ರಿಪೇರಿ ಮಾಡುತ್ತಾನೆ. ಊರಿಗೆ ಬಂದಾಗಲೆಲ್ಲ ಮಕ್ಕಳನ್ನು ಕೂರಿಸಿಕೊಂಡು, “ಬೆಳೆ ಆಳ್ಮಾಡಿದ್ದು ನಾನೇ. ಆದ್ರೂವೆ ಅದು ನನ್ ನೋಡಕ್ಕೆ ಬಂದಿತ್ತು ಕಣ್ರೋ. ಬೇಕಾರೆ ನಿಮ್ಮತ್ತೆನ ಕೇಳಿ,” ಅನ್ನುತ್ತಾನೆ. ನಾನು ತಲೆಯಾಡಿಸುತ್ತೇನೆ.

ಮುಚ್ಚಳ ಇನ್ನೂ ನನ್ನ ಟ್ರಂಕಿನಲ್ಲಿದೆ. ಈ ಸಲ ಅದನ್ನು ಅವನ ಕೈಗಿಟ್ಟು ಒದ್ದೆ ಸೊಪ್ಪಿನ ವಿಷಯ ಹೇಳಬೇಕು. ಹಾಗಾದರೆ ಅವತ್ತು ಬಂದದ್ದೇನು ಎಂದು ಅವನು ಕೇಳಿದರೆ, ನನಗೆ ಇವತ್ತಿಗೂ ಗೊತ್ತಿಲ್ಲ.