ಬಟ್ಟೆ ಒಗೆಯುವ ಕಲ್ಲು ಮಗುಚಿದ ಭಾನುವಾರ

ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ನಾನು ಊರು ತೋರಿಸುವ ಒಂದು ಸಣ್ಣ ಬಳಗ ಸೇರಿಕೊಂಡೆ. ಭಾನುವಾರ ಬೆಳಿಗ್ಗೆ ಆಸಕ್ತಿಯಿದ್ದವರನ್ನು ಜೊತೆಗೆ ಕರೆದುಕೊಂಡು ನಡೆಯುವುದು, ದಾರಿಯಲ್ಲಿ ಸಿಗುವ ಹಳೆಯ ಜಾಗಗಳ ಕಥೆ ಹೇಳುವುದು, ಇಷ್ಟೇ ಕೆಲಸ. ನಮ್ಮ ನಡಿಗೆ ಲಾಲ್‌ಬಾಗಿನ ಬಂಡೆಯ ಮೇಲೆ ಶುರುವಾಗಿ, ಸಿದ್ದಾಪುರ ಗೇಟಿನಿಂದ ಆಚೆ ಬಂದು, ಅಶೋಕ ಸ್ತಂಭ ದಾಟಿ, ಜಯನಗರದ ನಡುವೆ ಹೇಗೋ ಉಳಿದುಕೊಂಡಿರುವ ಒಂದು ಹಳೇ ಹಳ್ಳಿಯಲ್ಲಿ ಮುಗಿಯುತ್ತಿತ್ತು. ಆಮೇಲೆ ಪಕ್ಕದ ಹೋಟೆಲಿನಲ್ಲಿ ಎಲ್ಲರಿಗೂ ಇಡ್ಲಿ, ವಡೆ, ಕಾಫಿ. ಬಳಗದ ಹಿರಿಯರೊಬ್ಬರ ಹಿಂದೆ ಹಿಂದೆ ನಡೆದು ನಾನು ದಾರಿಯನ್ನೂ ಮಾತನ್ನೂ ಕಲಿತಿದ್ದೆ. ಒಂದು ಶನಿವಾರ ಅವರೇ ಫೋನ್ ಮಾಡಿ, "ನಾಳೆ ನೀವೇ ಕರ್ಕೊಂಡ್ ಹೋಗಿ ಮೇಡಂ, ನಾನು ಬರಲ್ಲ" ಎಂದುಬಿಟ್ಟರು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಪಾಠ ಮಾಡುವುದು ಬೇರೆ. ಅಲ್ಲಿ ಮಕ್ಕಳು ಎದ್ದು ಹೋಗುವಂತಿಲ್ಲ. ಇಲ್ಲಿ ಬೇಸರವಾದರೆ ಜನ ಆಟೋ ಹತ್ತಿ ಮನೆಗೆ ಹೋಗಬಹುದು! ಆದರೂ ಒಳಗೊಳಗೇ ಖುಷಿ ಉಕ್ಕುತ್ತಿತ್ತು. ಬೆಳಿಗ್ಗೆ ಬೀದಿದೀಪ ಆರುವ ಮೊದಲೇ ಸೀರೆಯ ಬದಲು ಚೂಡಿದಾರ ತೊಟ್ಟು, ಮಗಳು ಕೊಡಿಸಿದ ಬೂಟು ಹಾಕಿಕೊಂಡು ಹೊರಟೆ.

ಹತ್ತು ಹನ್ನೆರಡು ಜನ ಬಂದಿದ್ದರು. ಜೆ.ಪಿ. ನಗರದಿಂದ ಒಬ್ಬ ನಿವೃತ್ತ ಇಂಜಿನಿಯರ್ ಮತ್ತು ಅವರ ಹೆಂಡತಿ, ಬಿ.ಟಿ.ಎಂ. ಲೇಔಟಿನ ಪಿ.ಜಿ.ಯಲ್ಲಿದ್ದು ಓದುವ ಇಬ್ಬರು ಹುಡುಗಿಯರು, ಇನ್ನೂ ಕೆಲವರು. ಕೊನೆಯಲ್ಲಿ ಬಂದವರು ಒಬ್ಬ ಅತ್ತೆ ಮತ್ತು ಸೊಸೆ. ಸೊಸೆ ಯಾವುದೋ ಕಂಪನಿಯಲ್ಲಿ ಕೆಲಸ ಮಾಡುವವಳು. ಫೋನಿನಲ್ಲಿ ನಮ್ಮ ಪ್ರಕಟಣೆ ನೋಡಿ ಅತ್ತೆಯನ್ನು ಎಬ್ಬಿಸಿಕೊಂಡು ಬಂದಿದ್ದಳು. ಅತ್ತೆಗೆ ಅರವತ್ತರ ಆಸುಪಾಸು. ಕೆಂಪು ಅಂಚಿನ ಸೀರೆ, ಕಾಲಿಗೆ ಹವಾಯಿ ಚಪ್ಪಲಿ, ಮುಡಿಯಲ್ಲಿ ಕನಕಾಂಬರ.

"ನಮ್ದು ಇಲ್ಲೇ ಹಳ್ಳಿ ಮೇಡಂ. ನೀವು ಕೊನೇಲಿ ಬರ್ತೀರಂತಲ್ಲ, ಅದೇ ಊರು. ನಮ್ಮೂರ್ನ ನಮಗೇ ತೋರಿಸ್ತಾರಂತೆ, ಬನ್ನಿ ಅತ್ತೆ ಅಂದ್ಲು ಇವ್ಳು. ಏನ್ ತೋರಿಸ್ತೀರೋ ನೋಡಣಾಂತ ಬಂದೆ" ಎಂದರು ಆಕೆ. ಜಗಳದ ದನಿಯೇನಲ್ಲ, ನಗುತ್ತಲೇ ಹೇಳಿದರು. ನಾನು ಮಾತ್ರ ಚೀಲದಿಂದ ಟಿಪ್ಪಣಿಯ ಚೀಟಿ ತೆಗೆದು ಇನ್ನೊಮ್ಮೆ ಕಣ್ಣಾಡಿಸಿದೆ.

ಬಂಡೆ ಹತ್ತಿದೆವು. ಗಡಿ ಗೋಪುರದ ಹತ್ತಿರ ನಿಂತು, ಈ ಕಲ್ಲಿಗೆ ಮುನ್ನೂರು ಕೋಟಿ ವರ್ಷ ವಯಸ್ಸು ಎಂದು ಹೇಳಿದಾಗ ಹುಡುಗಿಯರಲ್ಲೊಬ್ಬಳು ಥಟ್ಟನೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಳು. ಅವಳನ್ನು ನೋಡಿ ಇನ್ನೊಬ್ಬಳು, ಆಮೇಲೆ ಇಂಜಿನಿಯರ್ ದಂಪತಿ, ಕೊನೆಗೆ ನಾನೂ ಬೂಟು ಬಿಚ್ಚಿದೆ. ಬಂಡೆ ಇನ್ನೂ ತಣ್ಣಗಿತ್ತು. ಪಶ್ಚಿಮದ ಕಟ್ಟಡಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಎಲ್ಲರೂ ಹೀಗೆ ಬರಿಗಾಲಲ್ಲಿ ಸುಮ್ಮನೆ ನಿಂತದ್ದು ಕಂಡು ನನ್ನ ಅಳುಕೆಲ್ಲ ಹಾರಿಹೋಯಿತು. ಮಾತು ತಾನಾಗಿ ಬಂತು. ಊರು ಕಟ್ಟಿದವರು ನಿಲ್ಲಿಸಿದ ಗೋಪುರದ ಕಥೆ, ಅದನ್ನು ದಾಟಿ ಬೆಳೆದ ಊರಿನ ಕಥೆ, ಎಲ್ಲ ಹೇಳಿದೆ.

ಅಶೋಕ ಸ್ತಂಭದ ಹತ್ತಿರ ಬರುವಷ್ಟರಲ್ಲಿ ಬಸ್ಸುಗಳ ಗದ್ದಲ ಶುರುವಾಗಿತ್ತು. ಜಯನಗರ ಎಂಬ ಬಡಾವಣೆ ಹುಟ್ಟಿದ್ದರ ಗುರುತಾಗಿ ನಿಂತ ಕಂಬ ಇದು ಎಂದು ದನಿಯೇರಿಸಿ ಹೇಳುತ್ತಿದ್ದೆ. ಕನಕಾಂಬರ ಮುಡಿದಿದ್ದ ಆ ಅಮ್ಮ ನನ್ನ ಪಕ್ಕ ಬಂದು ನಿಂತರು.

"ಆಮೇಲೇನೆ ಮೇಡಂ ನಮ್ ಮಾವನ ಹೊಲ ಹೋಗಿದ್ದು. ರಾಗಿ, ಅವರೆ ಬೆಳೀತಿದ್ರಂತೆ. ನಾನ್ ನೋಡಿಲ್ಲ, ಮದುವೆಯಾಗಿ ಬರೋ ಹೊತ್ಗೆ ಎಲ್ಲಾ ಸೈಟ್ ಆಗಿತ್ತು."

"ಈಗ ಆ ಜಾಗದಲ್ಲಿ ಏನಿದೆ ಅಮ್ಮ?"

"ಬೇಕಾದಷ್ಟಿದೆ! ಬ್ಯಾಂಕು, ಬಟ್ಟೆ ಅಂಗಡಿ, ಕಣ್ಣಾಸ್ಪತ್ರೆ."

ಅಲ್ಲಿಂದ ಒಳರಸ್ತೆ ಹಿಡಿದು ಹಳ್ಳಿಗೆ ಬಂದೆವು. ಅಗಲ ರಸ್ತೆ ಇದ್ದಕ್ಕಿದ್ದಂತೆ ಕಿರಿದಾಗುತ್ತದೆ, ಮನೆಗಳು ಒಂದಕ್ಕೊಂದು ಆತುಕೊಳ್ಳುತ್ತವೆ, ಹಸುವೊಂದು ಕಾರಿನ ಬಾನೆಟ್ಟಿಗೆ ಮುಖ ಉಜ್ಜುತ್ತಿರುತ್ತದೆ. ಹಳ್ಳಿ ಬಂತೆಂದು ಗೊತ್ತಾಗುವುದು ಹಾಗೆ. ನಡುವೆ ಊರಮ್ಮನ ಗುಡಿ, ಅದರ ಮುಂದೆ ಅರಳಿಕಟ್ಟೆ, ಕಟ್ಟೆಗೆ ಒರಗಿಸಿದ ಒಂದು ವೀರಗಲ್ಲು. ನಮ್ಮ ನಡಿಗೆಯ ಕೊನೆಯ ನಿಲ್ದಾಣ ಅದೇ.

ವೀರಗಲ್ಲೆಂದರೆ ಏನು ಎಂದು ವಿವರಿಸಿದೆ. ದನ ಕಾಯಲು, ಊರು ಉಳಿಸಲು ಹೋರಾಡಿ ಸತ್ತವನ ನೆನಪಿಗೆ ಊರವರು ಕಡೆಸಿ ನಿಲ್ಲಿಸಿದ ಕಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಅವನ ಹೋರಾಟ, ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುವುದು, ಮೇಲೆ ಸ್ವರ್ಗ. ಬೇಕಿದ್ದವರು ಮುಟ್ಟಿ ನೋಡಬಹುದು ಎಂದೆ.

ಎಲ್ಲರೂ ಒಂದೊಂದು ಸಲ ಮುಟ್ಟಿದರು. ಅಮ್ಮ ಮಾತ್ರ ಕುಕ್ಕರಗಾಲಲ್ಲಿ ಕೂತು ಕೈ ತೆಗೆಯಲೇ ಇಲ್ಲ. ಕೆಳಗಿನ ಪಟ್ಟಿಕೆಯಲ್ಲಿ ವೀರನ ಕಾಲಿನ ಮೇಲೆ ಬೆರಳಾಡಿಸುತ್ತ, ಕಣ್ಣು ಮುಚ್ಚಿಕೊಂಡು, ಏನನ್ನೋ ಹುಡುಕುವವರಂತೆ ಇದ್ದರು.

"ಮೇಡಂ, ನಮ್ಮನೇಲೂ ಹಿಂಗೇ ಐತೆ."

"ಏನಿದೆ ಅಮ್ಮ?"

"ಒಗೆಯೋ ಕಲ್ಲು. ಸೋಪು ಜಾರಿ ಸಂದಿಗೆ ಬಿದ್ರೆ ಕೈ ಹಾಕಿ ತೆಗೀತೀನಲ್ಲ, ಅಲ್ಲಿ ಕಲ್ಲಿನ ಅಡೀಲಿ ಹಿಂಗೇ ಸಿಗ್ತದೆ ಕೈಗೆ. ಗುಂಡಗೆ, ಉಬ್ಬುಬ್ಬಾಗಿ. ನಾನು ಕಲ್ಲು ಒರಟು ಅಂದ್ಕೊಂಡಿದ್ದೆ. ಇದು ಕಾಲು ಕಣ್ರೀ! ಮಂಡಿ ಇದು, ಇದು ಪಾದ. ಇದೇ ಐತೆ ಅಲ್ಲಿ!"

"ಈಗ್ಲೇ ಹೋಗಿ ನೋಡೋಣ್ವಾ ಅಮ್ಮ?" ಎಂದೆ. ಅವರು ಆಗಲೇ ಎದ್ದು ನಿಂತಿದ್ದರು.

"ಇಡ್ಲಿ ತಣ್ಣಗಾಗುತ್ತೆ ಅಲ್ವಾ ಮೇಡಂ" ಎಂದರು ಇಂಜಿನಿಯರ್, ಅರೆಮನಸ್ಸಿನಿಂದ.

"ಅಂಕಲ್, ಇಡ್ಲಿ ಎಲ್ಲೋಗುತ್ತೆ! ಬನ್ನಿ ಬನ್ನಿ" ಎಂದು ಹುಡುಗಿಯರು ಆಗಲೇ ಹೊರಟಿದ್ದರು. ಇಂಜಿನಿಯರರ ಹೆಂಡತಿಯೂ ಅವರ ಹಿಂದೆ. ಇಂಜಿನಿಯರ್ ನಕ್ಕು ಹೆಜ್ಜೆ ಹಾಕಿದರು. ನಾನು ಓಡುನಡಿಗೆಯಲ್ಲೇ ಬಳಗದ ಹಿರಿಯರಿಗೆ ಫೋನ್ ಮಾಡಿದೆ. "ಮನೆಯವರು ಒಪ್ಪಿದ್ರೆ ಮಾತ್ರ ಎತ್ತಿ. ಕಲ್ಲಿಗೆ ಪೆಟ್ಟಾಗಬಾರ್ದು. ಫೋಟೋ ಕಳ್ಸಿ. ಅಯ್ಯೋ, ಇವತ್ತೇ ನಾನು ಬರದೆ ಇದ್ನಲ್ಲ!" ಎಂದು ಅವರು ಆ ಕಡೆ ಒದ್ದಾಡಿದರು.

ಮನೆ ಗುಡಿಯಿಂದ ಎರಡು ತಿರುವು ಆಚೆ. ನಾಲ್ಕು ಅಂತಸ್ತಿನ ಕಟ್ಟಡ, ಮೇಲೆಲ್ಲ ಬಾಡಿಗೆಯವರು, ಕೆಳಗೆ ಇವರು. ಹಿತ್ತಲಿನಂತೆ ಉಳಿದ ಓಣಿಯಲ್ಲಿ ನಲ್ಲಿ, ಪಕ್ಕದಲ್ಲಿ ಕರಿಬೇವಿನ ಗಿಡ, ಅದರಡಿಯಲ್ಲಿ ಓರೆಯಾಗಿ ಹಾಸಿದ ದೊಡ್ಡ ಚಪ್ಪಡಿ. ಮೇಲ್ಮೈ ನುಣುಪಾಗಿ ಹೊಳೆಯುತ್ತಿತ್ತು. ಒಂದು ಬಕೆಟ್ಟು ಬಟ್ಟೆ ಆಗಲೇ ನೆನೆದಿತ್ತು.

ಅಮ್ಮನ ಗಂಡ ಬಾಗಿಲಲ್ಲಿ ಪೇಪರ್ ಹಿಡಿದು ನಿಂತಿದ್ದವರು ನಮ್ಮ ಗುಂಪು ನೋಡಿ ಬೆಚ್ಚಿದರು.

"ಏನೇ ಇದು, ಯಾರಿವ್ರೆಲ್ಲ?"

"ಒಗೆಯೋ ಕಲ್ಲು ಎತ್ಬೇಕು ಕಣ್ರೀ. ಅದ್ರ ಕೆಳಗೆ ವೀರ ಅವ್ನೆ."

"ಯಾವ ವೀರ?"

ನಾನು ವಿವರಿಸಿದ್ದು ಕೇಳಿ ಅವರ ಮುಖ ಬಿಗಿಯಾಯಿತು. "ಬೇಡ. ಸತ್ತವರ ಕಲ್ಲು ಮನೇಲಿ ಇರಬಾರ್ದು ಅಂತಾರೆ. ಅದೂ ಅಲ್ದೆ ನಾಳೆ ಗೌರ್ಮೆಂಟ್‌ನೋರು ಬಂದು ಇದು ನಮ್ದು ಅಂತ ಕೂತ್ರೆ? ಹೊಲ ಹೋಗಿದ್ದು ಸಾಲ್ದಾ? ಹೆಂಗೈತೋ ಹಂಗೇ ಇರ್ಲಿ."

ಅವರ ಭಯ ನನಗೆ ಅರ್ಥವಾಯಿತು. ಜಾಗ ಕಳೆದುಕೊಂಡ ಮನೆಯವರಿಗೆ ಹಾಗನ್ನಿಸುವುದರಲ್ಲಿ ತಪ್ಪೇನಿದೆ? "ಸಾರ್, ನಿಮಗೆ ಇಷ್ಟವಿಲ್ಲದೆ ನಾವು ಮುಟ್ಟಲ್ಲ" ಎಂದೆ. ಒಳಗೆ ಜೀವ ಒದ್ದಾಡುತ್ತಿತ್ತು ಎನ್ನುವುದು ಬೇರೆ ಮಾತು.

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ರೀ, ಈ ಮನೆ ಕಟ್ಟಿದಾಗಿಂದ ದಿನಾ ಅವನ ಬೆನ್ನಿನ ಮೇಲೆ ಬಟ್ಟೆ ಕುಕ್ಕಿದೀನಿ. ನಿಮ್ ಪಂಚೆ, ಮಕ್ಕಳ ಲಂಗೋಟಿ, ಎಲ್ಲಾ. ಗೊತ್ತಿರ್ಲಿಲ್ಲ, ಆಯ್ತು. ಈಗ ಗೊತ್ತಾದ್ಮೇಲೂ ನಾಳೆ ಬೆಳಿಗ್ಗೆ ಕುಕ್ಕು ಅಂತೀರಾ? ನನ್ ಕೈಲಿ ಆಗಲ್ಲ. ನೀವೇ ಒಗ್ಕೊಳ್ಳಿ."

ಅವರು ಹೆಂಡತಿಯನ್ನು ನೋಡಿದರು, ಬಕೆಟ್ಟನ್ನು ನೋಡಿದರು. ಆಮೇಲೆ ಒಳಗೆ ಹೋದರು. ಕೋಪಿಸಿಕೊಂಡು ಹೋದರೆಂದೇ ನಾನು ತಿಳಿದೆ. ಹೊರಬಂದಾಗ ಅವರ ಕೈಯಲ್ಲಿ ಹಾರೆ ಇತ್ತು.

"ನಿಧಾನಕ್ಕೆ ಎತ್ಬೇಕು. ಹಳೇ ಕಲ್ಲು" ಎಂದರಷ್ಟೇ.

ಆಮೇಲಿನದ್ದು ಒಂದು ಹಬ್ಬ. ಮೇಲಿನ ಮಹಡಿಯ ಬಾಡಿಗೆಯವರು ಇಳಿದು ಬಂದರು. ಹಳೇ ಗೋಣಿಚೀಲ, ಹಳೇ ಹಾಸಿಗೆ ಹೊರಬಂದವು. ಅಷ್ಟು ಹೊತ್ತು ಇಡ್ಲಿಯ ಚಿಂತೆಯಲ್ಲಿದ್ದ ಇಂಜಿನಿಯರ್ ಅಂಗಿಯ ತೋಳು ಮಡಚಿ, ಹಾರೆ ಎಲ್ಲಿ ಕೊಡಬೇಕು, ಎಲ್ಲಿ ಮರದ ತುಂಡು ಇಡಬೇಕು ಎಂದು ದಂಡನಾಯಕನಂತೆ ಕೂಗತೊಡಗಿದರು. "ಹಿಡೀರಿ... ಹಿಡೀರಿ... ಹೂಂ, ಈಗ!" ಚಪ್ಪಡಿ ಬುಡ ಬಿಟ್ಟು ಎದ್ದಿತು. ಕೆಳಗೆ ಕಪ್ಪು ಕೆಸರು, ಎರೆಹುಳ, ಕರಗದ ಸೋಪಿನ ಚೂರುಗಳು, ಯಾವ ಕಾಲದ್ದೋ ಒಂದು ಬೆಳ್ಳಿಯ ಕಾಲುಂಗುರ. "ನಂದು!" ಎಂದು ಅಮ್ಮ ಅದನ್ನು ಎತ್ತಿಕೊಂಡರು. ಕಲ್ಲು ಹಾಸಿಗೆಯ ಮೇಲೆ ಮೆತ್ತಗೆ ಮಗುಚಿತು.

ಮೊದಲು ಕಂಡದ್ದು ಮಣ್ಣಷ್ಟೇ. ಅಮ್ಮ ತೆಂಗಿನ ನಾರು ಹಿಡಿದು, ಸೊಸೆ ನೀರು ಸುರಿದಂತೆ ಮೆಲ್ಲಗೆ ಉಜ್ಜಿದರು. ನಾನು ಪಕ್ಕದಲ್ಲಿ ಮಂಡಿಯೂರಿ ಕೂತೆ. ಒಂದು ಪಾದ ಬಂತು. ಮಂಡಿ ಬಂತು. ಸೊಂಟದ ಪಟ್ಟಿ, ಎತ್ತಿದ ಕೈ, ಕೈಯಲ್ಲಿ ಕಠಾರಿ. ಇನ್ನಷ್ಟು ನೀರು. ಕಠಾರಿಯ ತುದಿಯಲ್ಲಿ ಬಾಯಿ ತೆರೆದ ಒಂದು ತಲೆ, ಮೇಲಕ್ಕೆ ಬಾಗಿದ ಉದ್ದ ಬಾಲ, ಮೈಮೇಲೆ ಗೀರು ಗೀರು ಪಟ್ಟೆ.

"ಹುಲಿ!" ನಾನು ಕಿರುಚಿಯೇಬಿಟ್ಟೆ. ತರಗತಿಯಲ್ಲಿ ಎಂದೂ ಹಾಗೆ ಕಿರುಚಿದವಳಲ್ಲ. "ಹುಲಿ ಜೊತೆ ಹೋರಾಡಿ ಸತ್ತವನು!"

"ಜಯನಗರದಲ್ಲಿ ಹುಲಿನಾ? ಸಖತ್!" ಎಂದಳು ಒಬ್ಬ ಹುಡುಗಿ.

"ಇದೇನ್ರೀ ಇಲ್ಲಿ ಪುಟ್ಟದಾಗಿ?" ಅಮ್ಮನ ಬೆರಳು ಹುಲಿಯ ಹಿಂಗಾಲಿನ ಹತ್ತಿರ ನಿಂತಿತ್ತು. ಇನ್ನೊಂದು ತಂಬಿಗೆ ನೀರು ಬಿತ್ತು. ಸುರುಳಿ ಬಾಲ, ಚೂಪು ಕಿವಿ, ಹುಲಿಯ ಕಾಲನ್ನು ಕಚ್ಚಿ ಹಿಡಿದ ಬಾಯಿ. "ನಾಯಿ! ಅಯ್ಯೋ ನಮ್ಮಪ್ಪ, ಬಿಟ್ಟು ಓಡಿಹೋಗಿಲ್ಲ ನೋಡು ಇದು" ಎಂದು ಅವರು ಹೇಳಿದ ಪರಿಗೆ ಸೊಸೆಯ ಕಣ್ಣು ತುಂಬಿತು. ನನ್ನ ಕಣ್ಣೂ.

ಆಗ ಹಿಂದೆ ನಿಂತಿದ್ದ ಅಮ್ಮನ ಗಂಡ ಹಾರೆಯನ್ನು ಗೋಡೆಗೆ ಒರಗಿಸಿ ಮುಂದೆ ಬಂದರು. ಬಹಳ ಹೊತ್ತು ನೋಡಿದರು.

"ಹುಲಿಯಪ್ಪ" ಎಂದರು ಮೆಲ್ಲಗೆ. "ಇದು ಹುಲಿಯಪ್ಪ ಕಣೇ. ನಮ್ ಹೊಲದ ಮೂಲೇಲಿ ಇತ್ತು. ಹಸು ಕರು ಹಾಕಿದ್ರೆ ಮೊದಲ್ನೇ ಹಾಲು ನಮ್ಮಜ್ಜಿ ತಂದು ಇದಕ್ಕೆ ಸುರಿಯೋಳು. ನಾನು ಅವಳ ಸೆರಗು ಹಿಡ್ಕೊಂಡು ಹೋಗ್ತಿದ್ದೆ. ಹೊಲ ಹೋದಾಗ ಇದೂ ಹೋಯ್ತು ಅಂದ್ಕೊಂಡಿದ್ದೆ."

ಹೊಲ ಬಿಟ್ಟುಕೊಡುವಾಗ ಅವರ ಅಪ್ಪ ಯಾರಿಗೂ ಹೇಳದೆ ಗಾಡಿಯಲ್ಲಿ ಹೇರಿಕೊಂಡು ತಂದು ಹಿತ್ತಲಲ್ಲಿ ಹೂತಿಟ್ಟಿರಬೇಕು. ಮುಂದೆ ಹಳೇ ಮನೆ ಕೆಡವಿ ಹೊಸದು ಕಟ್ಟುವಾಗ ಮಣ್ಣಿನಡಿ ಸಿಕ್ಕ ಚಪ್ಪಡಿಯನ್ನು ಮೇಸ್ತ್ರಿ ನುಣುಪು ಮೈ ಮೇಲೆ ಮಾಡಿ ನಲ್ಲಿ ಪಕ್ಕ ಹಾಸಿದ್ದ. ಅವರಿಗೆ ತೋಚಿದ್ದು ಇಷ್ಟು. ಅಪ್ಪ ತೀರಿಕೊಂಡು ಎಷ್ಟೋ ಕಾಲವಾಗಿತ್ತು; ಕೇಳಲು ಯಾರೂ ಇರಲಿಲ್ಲ. ಅವರು ಕೂತು ಎರಡೂ ಅಂಗೈಯನ್ನು ಕಲ್ಲಿನ ಮೇಲಿಟ್ಟರು. ಅಮ್ಮ ಒಳಗೆ ಹೋಗಿ ಫ್ರಿಜ್ಜಿನಿಂದ ಹಾಲಿನ ಪ್ಯಾಕೆಟ್ ತಂದು, ಹಲ್ಲಿನಿಂದ ಮೂಲೆ ಕತ್ತರಿಸಿ ಗಂಡನ ಕೈಗೆ ಕೊಟ್ಟರು.

ನಾವು ಯಾರೂ ಹೋಟೆಲಿಗೆ ಹೋಗಲಿಲ್ಲ. ಅಮ್ಮ ಎಲ್ಲರನ್ನೂ ಒಳಗೆ ಕೂರಿಸಿ ಉಪ್ಪಿಟ್ಟು ಮಾಡಿ ಬಡಿಸಿದರು. ಮಧ್ಯಾಹ್ನದ ಹೊತ್ತಿಗೆ ಹಿರಿಯರು ಏದುಸಿರು ಬಿಡುತ್ತ ಬಂದು, ಕಲ್ಲನ್ನು ಸುತ್ತಿ ಸುತ್ತಿ ನೋಡಿ, ಯಾರೂ ಒಯ್ಯುವುದಿಲ್ಲ, ಮನೆಯವರೇ ಕಾಪಾಡಿಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ ಎಂದು ಯಜಮಾನರಿಗೆ ಧೈರ್ಯ ಹೇಳಿದರು. ಕೆಲವೇ ದಿನಗಳಲ್ಲಿ ಮನೆಯ ಮುಂದೆ, ಬೈಕುಗಳು ನಿಲ್ಲುತ್ತಿದ್ದ ಜಾಗದಲ್ಲಿ, ಒಂದು ಸಣ್ಣ ಕಟ್ಟೆ ಎದ್ದಿತು. ಹುಲಿಯಪ್ಪ ನೆಟ್ಟಗೆ ನಿಂತ. ಬಾಡಿಗೆಯವರ ಬೈಕುಗಳು ಬೀದಿಗೆ ಹೋದವು, ಒಂದಿಷ್ಟು ಗೊಣಗಾಟವೂ ಆಯಿತು. ಮಗ ವಾಷಿಂಗ್ ಮೆಷಿನ್ ತಂದ. ಅದರಲ್ಲಿ ಪಂಚೆಯ ಕೊಳೆ ಹೋಗುವುದಿಲ್ಲ ಎಂದು ಅಮ್ಮ ಈಗಲೂ ದೂರುತ್ತಾರೆ.

ನಮ್ಮ ನಡಿಗೆಗೆ ಈಗ ಆ ಮನೆಯೇ ಕೊನೆಯ ನಿಲ್ದಾಣ. ಅಲ್ಲಿ ನಾನು ಬಾಯಿ ತೆರೆಯುವುದಿಲ್ಲ. ಅಮ್ಮ ರೇಷ್ಮೆ ಸೀರೆಯುಟ್ಟು ಕಾದಿರುತ್ತಾರೆ. ಸೋಪು ಜಾರಿದ್ದರಿಂದ ಹಿಡಿದು ಹಾಲಿನ ತನಕ ತಾವೇ ಹೇಳುತ್ತಾರೆ. ಸಲ ಸಲಕ್ಕೂ ಹುಲಿ ಇಷ್ಟಿಷ್ಟೇ ದೊಡ್ಡದಾಗುತ್ತಿದೆ. ಮೊನ್ನೆ ಚಿಕ್ಕಲಸಂದ್ರದಿಂದ ಅಪ್ಪ ಅಮ್ಮನ ಜೊತೆ ಬಂದಿದ್ದ ಪುಟ್ಟ ಹುಡುಗಿಯೊಬ್ಬಳು ಕೈಯೆತ್ತಿ ಕೇಳಿದಳು, "ಅಜ್ಜಿ, ನಾಯಿ ಹೆಸರೇನು?"

"ಅದು ಯಾರಿಗೂ ಗೊತ್ತಿಲ್ಲ ಕಂದ. ನೀನೇ ಒಂದು ಇಡು."

ಹುಡುಗಿ ಕಲ್ಲಿನ ಹತ್ತಿರ ಹೋಗಿ ಬಗ್ಗಿ ನೋಡಿ, ಚೆನ್ನಾಗಿ ಯೋಚಿಸಿ, "ಟೈಗರ್" ಎಂದಳು.